ಬೇರೆ ಪಂಕ್ತಿಯ ಜೋನಪ್ಪ

ಗಡ್ಡವಿತ್ತು, ಮೀಸೆಯಿರಲಿಲ್ಲ. ನಮ್ಮ ಜನಕ್ಕೆ ಅಷ್ಟೇ ಸಾಕಾಯಿತು. ವಿಜಾಪುರದ ಸ್ಟೇಷನ್ ಮುಂದಿನ ಟಾಂಗಾದವರು ಅವನನ್ನು ಕಂಡರೆ "ಸಲಾಂ ಮೌಲವಿ ಸಾಬ್" ಎನ್ನುತ್ತಿದ್ದರು. ತಿಕೋಟಾದ ಕ್ಷೌರದವನಂತೂ, ಈ ಮನುಷ್ಯ ಯಾವುದೋ ಅಂಗಡಿಯಲ್ಲಿ ಅರ್ಧ ಕ್ಷೌರಕ್ಕೇ ಎದ್ದು ಬಂದಿದ್ದಾನೆ ಎಂದು ಹೇಳಿಕೊಂಡು ನಗುತ್ತಿದ್ದ. ಜೋನಸ್ ಎಂಬ ಅವನ ಹೆಸರು ಬಲುಬೇಗ ಜೋನಪ್ಪ ಆಯಿತು. ಅವನದೊಂದು ಫೋಟೋ ನನ್ನ ಹತ್ತಿರ ಇಲ್ಲ. ತನ್ನ ಮುಖ ತಾನೇ ನೋಡಿಕೊಂಡು ಹಿಗ್ಗುವುದು ಜಂಬ ಎಂದು ಅವರ ಧರ್ಮದಲ್ಲಿ ಹೇಳುತ್ತಾರಂತೆ. ಕ್ಯಾಮೆರಾ ಕಂಡರೆ ಯಾವುದಾದರೂ ಎತ್ತಿನ ಹಿಂದೆ ಸರಿದುಬಿಡುತ್ತಿದ್ದ. ಹಾಗಾಗಿ ಬರೆದೇ ತೋರಿಸಬೇಕು.

ಅವನು ಅಮೆರಿಕದ ಆಮಿಶ್ ಎಂಬ ಕ್ರೈಸ್ತ ಪಂಗಡದವನು. ಐವತ್ತರ ದಶಕದ ಕೊನೆಗೆ ಬಿಜ್ಜರಗಿ ಕಡೆಯ ಹೊಲಗಳಿಗೆ ಒಡ್ಡು ಹಾಕಲು ಪರದೇಶದ ಒಂದು ಸೇವಾತಂಡ ಬಂದಿತ್ತು. ಅದರಲ್ಲಿ ಇವನೂ ಇದ್ದ. ಮ್ಯಾಟ್ರಿಕ್ ಪಾಸಾಗಿ ಬಬಲೇಶ್ವರದಲ್ಲಿ ಸುಮ್ಮನೆ ಕೂತಿದ್ದ ನನಗೆ ಅವನ ಮಾತು ಜನಕ್ಕೆ, ಜನದ ಮಾತು ಅವನಿಗೆ ತಿಳಿಸುವ ಕೆಲಸ ಸಿಕ್ಕಿತು. ಇಬ್ಬರೂ ಹೆಚ್ಚುಕಡಿಮೆ ಒಂದೇ ವಯಸ್ಸಿನವರು.

ತಂಡದವರೆಲ್ಲ ಜೀಪಿನಲ್ಲಿ ಹೋದರೆ ಇವನು ಚಕ್ಕಡಿಯಲ್ಲಿ ಬರುತ್ತಿದ್ದ. ಅವನ ಊರಿನಲ್ಲಿ ಮನೆಯ ಮುಂದೆಯೇ ಕರೆಂಟಿನ ತಂತಿ ಹಾದುಹೋದರೂ ಒಳಗೆ ಬಿಟ್ಟುಕೊಳ್ಳುವುದಿಲ್ಲವಂತೆ, ಮೋಟಾರು ಕೊಳ್ಳುವುದಿಲ್ಲವಂತೆ. ನಮ್ಮ ಕೇರಿಗೆ ಯಾವಾಗ ದೀಪ ಬಂದೀತೆಂದು ಕಾಯುತ್ತಿದ್ದ ನನಗೆ ಇದು ತಿಕ್ಕಲುತನ ಅನ್ನಿಸುತ್ತಿತ್ತು. ಕೇಳಿದರೆ, "ಮೋಟಾರ ಬಂತಂದ್ರ ಮಂದಿ ದೂರ ಹೋಗ್ತಾರ್ರಿ. ಕುದುರಿ ಇದ್ರ ಬಾಜೂ ಮನಿಯವ್ರು ಬಾಜೂಕ ಇರ್ತಾರ್ರಿ" ಎನ್ನುತ್ತಿದ್ದ. ಮೀಸೆಯ ಸಂಗತಿಯೂ ಹಾಗೆಯೇ. ಹಿಂದೆ ಅವರನ್ನು ಹಿಂಸಿಸಿದ ಸಿಪಾಯಿಗಳಿಗೆಲ್ಲ ಮೀಸೆಯಿತ್ತಂತೆ, ಅದಕ್ಕೆ ಇವರಿಗೆ ಬೇಡ. ನಮ್ಮ ಮಾತನ್ನು ಒಂದೆರಡು ವರ್ಷದಲ್ಲಿ ಕಲಿತ, ಆದರೆ 'ರಿ' ಹಚ್ಚುವುದನ್ನು ಎಲ್ಲಿ ಬಿಡಬೇಕೆಂದು ತಿಳಿಯಲಿಲ್ಲ. ಎತ್ತಿಗೆ "ತಿರುಗ್ರಿ", ನಾಯಿಗೆ "ಸರೀರಿ". ಕೂಲಿ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು, ಅವನೂ ನಗುತ್ತಿದ್ದ.

ರವಿವಾರ ಮಾತ್ರ ಅವನನ್ನು ನೋಡಲಾಗುತ್ತಿರಲಿಲ್ಲ. ಅವರಿಗೆ ಗುಡಿಯಿಲ್ಲ; ಒಂದೊಂದು ಸಲ ಒಬ್ಬೊಬ್ಬರ ಮನೆಯಲ್ಲಿ ಎಲ್ಲರೂ ಸೇರಿ ಪ್ರಾರ್ಥನೆ ಮಾಡಿ, ಕೂಡಿ ಉಣ್ಣುವುದು ರೂಢಿ. ತಿಕೋಟಾದ ಬಾಡಿಗೆ ಕೋಣೆಯಲ್ಲಿ ಇವನು ಒಬ್ಬನೇ ಕೂತು ಹಾಡುತ್ತಿದ್ದ. ಒಂದು ಸಾಲು ಮುಗಿಯುವಷ್ಟರಲ್ಲಿ ನಮ್ಮವರು ಒಂದು ಇಡೀ ಭಜನಿ ಪದ ಮುಗಿಸಿಯಾರು, ಅಷ್ಟು ನಿಧಾನ. ಹತ್ತು ಜನ ಎಳೆಯಬೇಕಾದ ಆ ರಾಗವನ್ನು ಒಂದೇ ಗಂಟಲು ಎಳೆಯುತ್ತಿತ್ತು. ಉಸಿರು ಸಾಲದೆ ನಡುನಡುವೆ ನಿಲ್ಲುತ್ತಿತ್ತು. ಹೊರಗೆ ನಿಂತು ಕೇಳುತ್ತಿದ್ದ ನನಗೆ ಬಾಗಿಲು ಬಡಿಯಲು ಧೈರ್ಯ ಬರುತ್ತಿರಲಿಲ್ಲ. ಟಾಂಗಾದ ಕುದುರೆಗಳ ಕಿವಿಯಲ್ಲಿ ಅವನು ಏನೋ ಪಿಸುಗುಡುವುದಿತ್ತು; ಅದು ಇಂಗ್ಲಿಷ್ ಅಲ್ಲ, ಅವನ ಮನೆಮಾತು. ಆ ಮಾತಾಡಲು ಅವನಿಗೆ ಈ ಸೀಮೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಒಂದು ರವಿವಾರ ಅವನನ್ನು ಬಬಲೇಶ್ವರಕ್ಕೆ, ನಮ್ಮ ಮನೆಗೆ ಊಟಕ್ಕೆ ಕರೆದೆ. ನಾವು ಆಗಷ್ಟೇ ಬೌದ್ಧರಾಗಿದ್ದೆವು. ಧರ್ಮ ಬದಲಾಗಿತ್ತು, ಊರು ಬದಲಾಗಿರಲಿಲ್ಲ. ಹೋಟೆಲಿನಲ್ಲಿ ನಮ್ಮ ಕಪ್ಪು ಬೇರೆಯೇ ಇತ್ತು. ಅವ್ವನಿಗೆ ಒಂದೇ ಹೆದರಿಕೆ: ಸಾಹೇಬ ನಮ್ಮ ಪಂಕ್ತಿಯಲ್ಲಿ ಉಂಡ ಎಂದು ಊರಲ್ಲಿ ತಿಳಿದರೆ ಆ ಪುಣ್ಯಾತ್ಮನಿಗೆ ಯಾರೂ ನೀರು ಕೊಡಲಿಕ್ಕಿಲ್ಲ. ಅವನ ಮರ್ಯಾದೆ ಕಾಯಲು ಬಾಗಿಲ ಹತ್ತಿರ ಮಣೆ ಹಾಕಿ, ಹೊಸ ತಾಟಿನಲ್ಲಿ ರೊಟ್ಟಿ, ಝುಣಕ ಬಡಿಸಿದಳು. ನಾವು ಒಳಗೆ ಒಲೆಯ ಮುಂದೆ ಕೂತೆವು.

ಜೋನಪ್ಪ ತಾಟನ್ನೇ ನೋಡುತ್ತ ಕೂತ. "ನಿಮಗ ಯಾರು ಹೇಳಿದ್ರಿ?" ಎಂದ.

ನನಗೆ ಏನೂ ತಿಳಿಯಲಿಲ್ಲ. ಆಮೇಲೆ ಅವನು ಇಂಗ್ಲಿಷಿನಲ್ಲಿ ತಡೆತಡೆದು ಹೇಳಿದ. ಬೇರೆ ಕ್ರೈಸ್ತ ಸಭೆಯವರ ತಂಡ ಸೇರಿ ಸಮುದ್ರ ದಾಟುವುದು ಬೇಡವೆಂದು ಹಿರಿಯರು ತಡೆದಿದ್ದರು. ಇವನು ಕೇಳಲಿಲ್ಲ. ಸಭೆ ಅವನನ್ನು ಹೊರಗಿಟ್ಟಿತು. ಹೊರಗಿಟ್ಟವನ ಜೊತೆ ಹೆತ್ತವರೂ ಒಂದೇ ಮೇಜಿನಲ್ಲಿ ಉಣ್ಣುವಂತಿಲ್ಲ. ಹಡಗು ಹತ್ತುವವರೆಗೆ ಅವನ ತಾಯಿ ಅವನಿಗೊಂದು ಸಣ್ಣ ಮೇಜು ಬೇರೆ ಹಾಕಿ, ನಡುವಿನ ಸಂದು ಕಾಣದಿರಲೆಂದು ಎರಡರ ಮೇಲೂ ಒಂದೇ ಬಟ್ಟೆ ಹಾಸುತ್ತಿದ್ದಳಂತೆ. ಆ ಸುದ್ದಿ ಬಬಲೇಶ್ವರಕ್ಕೂ ಮುಟ್ಟಿದೆ ಎಂದು ಅವನು ತಿಳಿದಿದ್ದ.

ನಾನು ಇದನ್ನು ಅವ್ವನಿಗೆ ಹೇಳಿದೆ. ಅವಳು ಮೊದಲು ನಕ್ಕಳು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅಯ್ಯ ನಮ್ಮಪ್ಪಾ! ಊರ ಹೊರಗಿಟ್ಟವರ ಮನಿಯಾಗ ನಿನ್ನ ಯಾರು ಹೊರಗಿಡ್ತಾರೋ? ಏಳ, ಒಳಗ ಬಾ" ಎಂದು ತಾಟನ್ನು ತಾನೇ ಎತ್ತಿಕೊಂಡು ಬಂದಳು. ಅಂದಿನಿಂದ ಅವನ ರವಿವಾರಗಳು ನಮ್ಮ ಮನೆಯಲ್ಲಿ ಕಳೆದವು. ಉಣ್ಣುವ ಮೊದಲು ಅವನು ಕಣ್ಣು ಮುಚ್ಚಿ ಸುಮ್ಮನೆ ಕೂರುತ್ತಿದ್ದ. ಅವನು ಕಣ್ಣು ತೆರೆಯುವ ತನಕ ಅವ್ವ ನಮ್ಮನ್ನೂ ತುತ್ತು ಎತ್ತಗೊಡುತ್ತಿರಲಿಲ್ಲ.

ಅರವತ್ತರ ದಶಕ ಹುಟ್ಟಿ ಎರಡು ಮಳೆಗಾಲ ಕಳೆದಿರಬೇಕು, ಅವನ ತಾಯಿ ಹಾಸಿಗೆ ಹಿಡಿದ ಸುದ್ದಿ ಬಂತು. ಹಿರಿಯರು ಅವನನ್ನು ಮತ್ತೆ ಸೇರಿಸಿಕೊಳ್ಳಲು ಒಪ್ಪಿದ್ದರು. ಆದರೆ ಸಭೆಯ ನಡುವೆ ಮೊಣಕಾಲೂರಿ, ಹೋದದ್ದು ತಪ್ಪಾಯಿತು ಎನ್ನಬೇಕು. ಬೇರೆ ಯಾರಾದರೂ ಆಗಿದ್ದರೆ ಬಾಯಿಮಾತಿಗೆ ಅಂದು ಮುಗಿಸುತ್ತಿದ್ದರು. ಇವನಿಗೆ ಸುಳ್ಳು ಬರುತ್ತಿರಲಿಲ್ಲ.

"ತಪ್ಪು ಅಂದ್ರ ಖರೇನ ತಪ್ಪು ಅನಬೇಕ್ರಿ," ಎಂದ ಅವ್ವನ ಮುಂದೆ ಕೂತು. "ನಿಮ್ಮ ಮನಿಗೆ ಬಂದದ್ದು ತಪ್ಪು ಅಂತ ಹೆಂಗ ಅನ್ನಲಿರಿ?"

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಅನ್ನು. ಹಡದಾಕಿ ಬಾಜೂಕ ಕುಂತು ಒಂದು ತುತ್ತು ಉಣ್ಣಾಕ ಸಿಗತೈತಿ ಅಂದ್ರ ನಮ್ಮನ್ನ ತಪ್ಪು ಅಂದ್ರೂ ನಡೀತೈತಿ. ನಾವೇನ್ ಮಂದಿ ಬಾಯಾಗ ಹೊಸದಾಗಿ ತಪ್ಪು ಅನಿಸಿಕೊಳ್ಳಾಕತ್ತೇವೇನು?"

ನನಗೆ ಸಿಟ್ಟು ಬಂತು. ಅವನು ಹೋಗುವುದು ನನಗೆ ಬೇಡವಾಗಿತ್ತು. ವಿಜಾಪುರ ಸ್ಟೇಷನ್ನಿಗೆ ಸಿಟ್ಟಿನಲ್ಲೇ ಬಿಡಲು ಹೋದೆ. ಗಾಡಿ ಬಂದ ಮೇಲೆ, "ಹೊಂಟೀಯಲ್ಲ, ಕಾಗದಾನರ ಬರಿತೀ ಇಲ್ಲೋ?" ಎಂದೆ.

"ತಪ್ಪಾತು ಅಂದ ಮ್ಯಾಲ ಬರಿಯಾಕ ಬರೂದಿಲ್ಲರಿ," ಎಂದ. "ಅಲ್ಲೆ ತಪ್ಪು ಅಂದು ಇಲ್ಲಿಗೆ ಪ್ರೀತಿಲೆ ಬರದ್ರ ಎರಡೂ ಸುಳ್ಳ ಆಗ್ತಾವ. ಅವರು ನನ್ನ ಒಳಗ ತಗೋಲಿಲ್ಲಂದ್ರ ಬರೀತೀನ್ರಿ." ನನ್ನ ಕೈ ಹಿಡಿದುಕೊಂಡ, ಗಾಡಿ ಅಲುಗಾಡುವ ತನಕ ಬಿಡಲಿಲ್ಲ.

ಮನೆಗೆ ಬಂದು ಅವನ ಮಾತನ್ನು ಅವ್ವನಿಗೆ ಹೇಳಿದೆ. ಕಾಗದ ಬರಲಿಲ್ಲ. ಮುಂದೆ ನನಗೆ ವಿಜಾಪುರದಲ್ಲಿ ನೌಕರಿಯಾಯಿತು, ಟಪಾಲೂ ಅಲ್ಲಿಗೇ ಬರತೊಡಗಿತು; ಅವನಂಥ ಗೆಳೆಯ ಮತ್ತೆ ಸಿಗಲಿಲ್ಲ. ರಜೆಗೆ ಮನೆಗೆ ಹೋದಾಗಲೆಲ್ಲ ಅವ್ವ ಹೊಸ್ತಿಲಲ್ಲೇ ಕೇಳುತ್ತಿದ್ದಳು, "ಜೋನಪ್ಪನ ಕಾಗದ ಬಂತೇನೋ?" ಇಲ್ಲವೆಂದು ನಾನು ಮುಖ ಸಣ್ಣ ಮಾಡಿದರೆ ಅವಳ ಮುಖ ಅರಳುತ್ತಿತ್ತು.

"ಛಲೋ ಆತು ಬಿಡು. ಅವರವ್ವನ ಬಾಜೂಕ ಕುಂತು ಉಣ್ಣಾಕತ್ತಾನ."