ಮಾಸೂಮಾ ಆಗದೆ ಹೋದ ಗ್ರಹ

ರಹೀಮುನ್ನಿಸಾಳ ಗಂಡ ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ಸಾಗವಾನಿ ದಿಮ್ಮಿ ಉರುಳಿ ಸತ್ತ. ಮರುವರ್ಷ ಚಳಿಜ್ವರ ಅವಳ ಒಬ್ಬಳೇ ಮಗಳು ಮಾಸೂಮಾಳನ್ನೂ ಒಯ್ದಿತು. ಖಬರಸ್ತಾನದ ಮಣ್ಣಿನ ಗುಡ್ಡೆ ಮೊದಲ ಮಳೆಗೇ ಕುಸಿದು, ಮಗಳು ಎಲ್ಲಿದ್ದಾಳೆಂದು ತೋರಿಸಲೂ ಗುರುತು ಉಳಿಯಲಿಲ್ಲ. ಆಮೇಲೆ ಅವಳು ಹಳಿಯಾಳದಲ್ಲಿ ಶೇಖಪ್ಪ ಮಾಸ್ತರರ ಮನೆಗೆಲಸಕ್ಕೆ ಸೇರಿದಳು.

ಮಾಸ್ತರರು ಧಾರವಾಡದಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಊರಾಚೆಯ ದಿಬ್ಬದ ಮೇಲೆ ತಗಡಿನ ಕೋಣೆ ಕಟ್ಟಿಸಿ, ಇಂಗ್ಲೆಂಡಿನಿಂದ ತರಿಸಿದ ದೊಡ್ಡ ಕ್ಯಾಮೆರಾದಿಂದ ಆಕಾಶದ ಚಿತ್ರ ತೆಗೆಯುತ್ತಿದ್ದರು. ಚಿತ್ರ ಮೂಡಿದ ಗಾಜಿನ ಫಲಕಗಳನ್ನು ತೊಳೆದು ಒಣಗಿಸುವುದೂ ರಹೀಮುನ್ನಿಸಾಳ ಕೆಲಸವೇ.

1938ರ ಫೆಬ್ರವರಿಯ ಒಂದು ಬೆಳಿಗ್ಗೆ ಮಾಸ್ತರರು ಹಿಂದಿನ ಎರಡು ರಾತ್ರಿ ಆಕಾಶದ ಒಂದೇ ಭಾಗದಲ್ಲಿ ತೆಗೆದ ಎರಡು ಫಲಕಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಅವಳನ್ನು ಕೂಗಿದರು.

“ಬೂಬವ್ವ, ಇಲ್ಲಿ ನೋಡು. ಚಿಕ್ಕಿ ಎಲ್ಲಾ ಇದ್ದಲ್ಲೇ ಅದಾವು. ಈ ಒಂದು ಮಾತ್ರ ಮರುದಿನಕ್ಕ ಸರದೈತಿ. ಇದು ಚಿಕ್ಕಿ ಅಲ್ಲ, ಮಂಗಳ ಗುರು ನಡುವ ಸೂರ್ಯನ್ನ ಸುತ್ತೂ ಸಣ್ಣ ಗ್ರಹ. ಇಲ್ಲೀತನಕ ಯಾರೂ ಕಂಡಿಲ್ಲ.”

“ಇದಕ್ಕ ಹೆಸರೇನ್ರೀ?”

“ಇನ್ನೂ ಇಲ್ಲ. ಮದಲ ಅದರ ದಾರಿ ಲೆಕ್ಕಕ್ಕ ಸಿಗಬೇಕು. ಸಿಕ್ಕರ ನಾನ ಹೆಸರಿಡಬೌದು.”

ಅವಳು ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ನಿಂತೇ ಇದ್ದಳು. ಕೊನೆಗೆ, “ನಮ್ಮ ಮಾಸೂಮಾನ ಹೆಸರ ಇಡ್ತೀರೇನ್ರಿ?” ಎಂದಳು.

ಹೆಂಡತಿ ಮಕ್ಕಳಿಲ್ಲದ ಮಾಸ್ತರರಿಗೆ ಬೇರೆ ಹೆಸರೇನೂ ಹೊಳೆದಿರಲಿಲ್ಲ. “ಇಡೂಣು” ಎಂದರು.

ಯುರೋಪಿನಲ್ಲಿ ಇಂಥ ಲೆಕ್ಕ ನೋಡುವವರು ಅವರ ಅಳತೆಗಳನ್ನು ಒಪ್ಪಿ, ಗ್ರಹಕ್ಕೆ ಇಸವಿ ಮತ್ತು ಎರಡು ಅಕ್ಷರಗಳ ತಾತ್ಕಾಲಿಕ ಗುರುತು ಕೊಟ್ಟರು. ಬೇಸಿಗೆಗೆ ಅದು ದೂರ ಸರಿದು ಕಾಣದಾಯಿತು. ಮತ್ತೆ ಹತ್ತಿರ ಬರುವುದು ಮುಂದಿನ ವರ್ಷದ ಆಷಾಢದಲ್ಲಿ. ಆಗ ಇನ್ನೊಮ್ಮೆ ಚಿತ್ರ ಸಿಕ್ಕರೆ ದಾರಿ ಖಚಿತವಾಗುತ್ತಿತ್ತು.

ಆದರೆ ಹಳಿಯಾಳದ ಆಷಾಢದಲ್ಲಿ ಆಕಾಶವೆಲ್ಲಿ ಕಂಡೀತು? ರಹೀಮುನ್ನಿಸಾ ಸಂಜೆ ನಮಾಜು ಮುಗಿಸಿ ದಿಬ್ಬಕ್ಕೆ ಹೋಗಿ, ಮಾಸ್ತರರ ಜೊತೆ ತಗಡಿನ ಮೇಲೆ ಬೀಳುವ ಮಳೆ ಕೇಳುತ್ತ ಕೂರುತ್ತಿದ್ದಳು. ಮೋಡ ಬಿಚ್ಚುವಷ್ಟರಲ್ಲಿ ಗ್ರಹ ಮಸುಕಾಗಿತ್ತು, ಯುದ್ಧ ಶುರುವಾಗಿತ್ತು. ಹೊಸ ಫಲಕಗಳು ಬರುವುದು ನಿಂತಿತು.

ಯುದ್ಧ ಮುಗಿದ ಮೇಲೆ ಪರದೇಶದ ಪತ್ರಿಕೆ ಬಂತು. ಮಾಸ್ತರರು ಓದಿ ಅವಳನ್ನು ಕರೆದರು.

“ನಮಗ ಮೋಡ ಮುಚ್ಚಿದ್ದ ಅದ ಮಳಿಗಾಲದಾಗ ಬ್ಯಾರೆ ದೇಶದವ್ರು ಅದನ್ನ ಹಿಡದಾರವ್ವ. ಅವರ ಅಳತಿಯಿಂದ ದಾರಿ ಕೂಡಿಬಂತು. ದಾರಿ ಕೂಡಿಸಿದವ್ರಿಗೇ ಹೆಸರಿನ ಹಕ್ಕು, ಅವರ ಇಟ್ಟಾರ.”

“ಯಾರದ್ರೀ?”

“ಅವರಿಗೆ ದುರ್ಬೀನು ಕೊಡಿಸಿದ ಸಾಹುಕಾರನ ಹೆಂಡತೀದು.”

“ಆಕಿ ಜೀವಂತ ಅದಾಳೇನ್ರಿ?”

“ಇರಬೇಕು.”

“ಹಂಗಾರ ಆಕಿಗ್ಯಾಕ ಬೇಕಾಗಿತ್ರೀ?”

ಮಾಸ್ತರರು ಪತ್ರಿಕೆ ಮಡಚಿಟ್ಟರು. ಮರುವರ್ಷ ಅವರೂ ತೀರಿಕೊಂಡರು. ಅಣ್ಣನ ಮಕ್ಕಳು ಬಂದು ಕ್ಯಾಮೆರಾ ಮಾರಿ, ತಗಡು ಕೀಳಿಸಿ ಒಯ್ದರು.

ರಹೀಮುನ್ನಿಸಾ ಮುಂಡಗೋಡದಲ್ಲಿ ತಮ್ಮ ಸುಭಾನಿಯ ಮನೆ ಸೇರಿದಳು. ಅವನಿಗೆ ಹೆಣ್ಣು ಮಗು ಹುಟ್ಟಿದಾಗ, “ಆಪಾ, ಇದಕ್ಕ ಮಾಸೂಮಾ ಅಂತ ಕರಿಯೂಣೇನು?” ಎಂದು ಕೇಳಿದ.

“ಬ್ಯಾಡಪಾ,” ಎಂದಳು, “ಆ ಹೆಸರ ಎಲ್ಲಿಟ್ಟರೂ ನಿಲ್ಲಂಗಿಲ್ಲ.”

ಮಗುವಿಗೆ ಬೇರೆ ಹೆಸರಿಟ್ಟರು.