ಗಿಟಾರಿನ ಪಾವು

ನಮ್ಮ ಮನೆಯಲ್ಲಿ ಯಾರೂ ಯಾವುದಕ್ಕೂ ಮುಖಕ್ಕೆ ಹೊಡೆದಂತೆ ಇಲ್ಲ ಅನ್ನುತ್ತಿರಲಿಲ್ಲ. "ಈ ಪಾವು ಮುಗೀಲಿ, ಆಮೇಲೆ ನೋಡಣ" ಅನ್ನುತ್ತಿದ್ದರು. ಪಾವು ಎಂದರೆ ಮಗ್ಗದಲ್ಲಿ ಉದ್ದಕ್ಕೆ ಎಳೆದು ಕಟ್ಟಿದ ನೂಲು. ಕರ್ನಾಟಕದವರು ಅದನ್ನು ಹಾಸು ಅನ್ನುತ್ತಾರೆ. ನಾವು ತಲೆಮಾರುಗಳಿಂದ ಕೊಯಮತ್ತೂರಿನ ಹತ್ತಿರದ ಸೋಮನೂರಿನಲ್ಲಿ ನೇಯ್ದುಕೊಂಡು ಬಂದವರು, ಮನೆಯೊಳಗೆ ಕನ್ನಡ ಆಡಿದರೂ ಮಗ್ಗದ ಮಾತೆಲ್ಲ ತಮಿಳೇ. ಮದುವೆಯಾಗಿ ಮೈಸೂರಿನ ಕಡೆಗೆ ಬಂದು ಕನ್ನಡ ಅಕ್ಷರ ಕಲಿತ ಮೇಲೆ "ಹಾಸಿಗೆ ಗಂಜಿ ಹಾಕುವುದು" ಎಂದು ಎಲ್ಲೋ ಓದಿ, ಮಲಗುವ ಹಾಸಿಗೆಗೆ ಯಾಕಪ್ಪಾ ಗಂಜಿ ಎಂದು ತಲೆ ಕೆರೆದುಕೊಂಡವಳು ನಾನು.

ಒಂದು ಪಾವು ನೇಯ್ದು ಮುಗಿಯಲು ವಾರಗಳು ಹಿಡಿಯುತ್ತಿದ್ದವು. ಗೋಡೆಗೆ ಸುಣ್ಣ ಹೊಡೆಯುವುದು, ಹುಳುಕು ಹಲ್ಲು ಕೀಳಿಸುವುದು, ಉಡುಮಲೈಪೇಟೆಯ ನೆಂಟರ ಮನೆಗೆ ಹೋಗಿ ಅಣೆಕಟ್ಟು ನೋಡಿ ಬರುವುದು, ಎಲ್ಲ ಪಾವು ಮುಗಿದ ಮೇಲೆ. ಕೆಲಸಕ್ಕಿದ್ದವನು ಬಿಟ್ಟುಹೋಗುವುದಾದರೂ ಪಾವು ಮುಗಿಸಿಯೇ ಹೋಗಬೇಕಿತ್ತು. ನಡುವೆ ಬಿಟ್ಟು ಹೋದವನ ಮುಖ ಆಮೇಲೆ ಊರಿನಲ್ಲಿ ಯಾರೂ ನೋಡುತ್ತಿರಲಿಲ್ಲ. ಹಾಗಾಗಿ ಅಪ್ಪ ಯಾವುದಕ್ಕಾದರೂ ಪಾವಿನ ಗಡುವು ಹಾಕಿದರೆ ಅದು ದೇವರ ಮುಂದೆ ಆಡಿದ ಮಾತು ಎಂದೇ ಲೆಕ್ಕ.

ಅಂಥ ಗಡುವು ನನ್ನ ಗಿಟಾರಿಗೂ ಬಿತ್ತು. ಎಂಬತ್ತರ ದಶಕದ ನಡುವಿನ ಮಾತು. ನಾನು ಪ್ಲಸ್ ಟೂ ಮುಗಿಸಿ ಮನೆಯಲ್ಲಿದ್ದೆ, ಮಗ್ಗಕ್ಕೆ ನೂಲು ಸುತ್ತಿ ಕೊಡುತ್ತಿದ್ದೆ. ಅಡುಗೆಮನೆಯ ಗೋಡೆಗೆ ಅಂಟಿಕೊಂಡೇ ನಮ್ಮ ಶೆಡ್ಡು, ಅದರಲ್ಲಿ ನಾಲ್ಕು ಪವರ್‌ಲೂಮು. ಆ ಸದ್ದಿನಲ್ಲಿ ಉಪ್ಪು ಕೇಳಬೇಕಾದರೂ ಕಿರುಚಬೇಕು. ಮೊದಲ ಸಲ ಬಂದ ನೆಂಟರು ನಮ್ಮದು ಜಗಳಗಂಟ ಮನೆ ಅಂದುಕೊಂಡು ಹೋಗುತ್ತಿದ್ದರು. ನನ್ನ ವಿಷಯದಲ್ಲಿ ಅವರು ಅಂದುಕೊಂಡದ್ದು ಸುಳ್ಳೂ ಅಲ್ಲ, ನನ್ನ ಕೋಪ ಆಗಲೂ ಮೂಗಿನ ತುದಿಯಲ್ಲೇ ಇರುತ್ತಿತ್ತು.

ಗಿಟಾರು ಅಮ್ಮನ ತಮ್ಮನದು. ಮಾವ ಕೊಯಮತ್ತೂರಿನಲ್ಲಿ ಮದುವೆ ಮನೆಗಳಲ್ಲಿ ಹಾಡುವ ಒಂದು ವಾದ್ಯಗೋಷ್ಠಿಯಲ್ಲಿದ್ದರು. ಹೆಣ್ಣು ಕೊಡುವವರು "ಪಾಟ್ಟುಕಾರನಿಗೆ ಕೊಡಲ್ಲ" ಅಂದದ್ದೇ ತಡ, ಹಾಡಿನ ಸಹವಾಸ ಬಿಟ್ಟು ತಿರುಪ್ಪೂರಿನ ಬನಿಯನ್ ಕಂಪನಿಯೊಂದಕ್ಕೆ ಸೇರಿ, ಗಿಟಾರನ್ನು ಹಳೆಯ ಲುಂಗಿಯಲ್ಲಿ ಸುತ್ತಿ ನಮ್ಮ ಮನೆಯಲ್ಲಿಟ್ಟು ಹೋದರು. ಮದುವೆಯೂ ಆಯಿತು, ಅವರ ಮನೆಯಾಕೆಗೆ ಅದನ್ನು ಮಾರಿ ಗ್ರೈಂಡರ್ ತರುವ ಆಸೆ. ಮಾವ ಬಂದಾಗಲೆಲ್ಲ ನನಗೆ ಅಷ್ಟಿಷ್ಟು ಹೇಳಿಕೊಟ್ಟರು, ಉಳಿದದ್ದನ್ನು ನಾನೇ ತಡಕಾಡಿ ಕಲಿತೆ.

ಬಾರಿಸುವುದಾದರೂ ಯಾವಾಗ? ಕರೆಂಟು ಹೋದಾಗ ಮಾತ್ರ. ಕರೆಂಟು ಹೋದರೆ ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ನಿಂತು ಊರಿಗೆ ಊರೇ ಸುಮ್ಮನಾಗುತ್ತಿತ್ತು. ಎಲ್ಲರೂ ಕರೆಂಟಿನವರಿಗೆ ಶಾಪ ಹಾಕುತ್ತಾ ಜಗಲಿಗೆ ಬಂದು ಕೂತರೆ, ನಾನೊಬ್ಬಳು ಒಳಗೊಳಗೇ ಕುಣಿಯುತ್ತಾ ಗಿಟಾರು ತೆಗೆಯುತ್ತಿದ್ದೆ. ಹುಟ್ಟಿದಾಗಿನಿಂದ ಕೇಳಿದ್ದು ಬರೀ ಮಗ್ಗದ ಸದ್ದು. ಗಿಟಾರಿನದು ನಾನು ಮಾಡಿದ ಸದ್ದು, ನಾನು ಬೇಕೆಂದಾಗ ನಿಲ್ಲುವ ಸದ್ದು. ಅದು ನನಗೆ ಪ್ರಾಣವಾಗಿತ್ತು ಅಂದರೆ ಹೆಚ್ಚಲ್ಲ.

ಅಪ್ಪ ಒಂದು ದಿನ ಊಟಕ್ಕೆ ಕೂತಾಗ ಅಮ್ಮನಿಗೆ ಹೇಳಿದರು, "ಇದೇನ್ ಇನ್ನೂ ನಡೀತಾನೇ ಇದೆ? ಇರೋ ಪಾವು ಓಡ್ಲಿ. ಮುಗಿದ ಮೇಲೆ ನಿನ್ ತಮ್ಮನ ಮನೇಗೆ ಕಳ್ಸಿಬುಡು." ಗಿಟಾರಿನ ಮೇಲೆ ಬಿಗಿದಿದ್ದ ಆರು ತಂತಿಗಳನ್ನೇ ಅವರು ಪಾವು ಅಂದದ್ದು. ತಂತಿ ಇರುವ ತನಕ ಗಿಟಾರು ನನ್ನದು, ತಂತಿ ಮುಗಿದ ದಿನ ಅದು ತಿರುಪ್ಪೂರಿಗೆ, ಅಲ್ಲಿಂದ ಗ್ರೈಂಡರ್ ಅಂಗಡಿಗೆ.

ಅವತ್ತಿನಿಂದ ನಾನು ತಂತಿಗೆ ನೋವಾಗದ ಹಾಗೆ ಬಾರಿಸತೊಡಗಿದೆ. ತುಕ್ಕು ಹಿಡಿಯದಿರಲಿ ಎಂದು ಮಗ್ಗಕ್ಕೆ ಬಿಡುವ ಎಣ್ಣೆಯನ್ನೇ ಬಟ್ಟೆಯಲ್ಲಿ ಅದ್ದಿ ಸವರಿದೆ. ಆಮೇಲೆ ಕೇಳಬೇಕು ಅದರ ದನಿ! ನೆಗಡಿಯಾದವರು ಹಾಡಿದ ಹಾಗೆ. ಆದರೂ ತಂತಿ ಇತ್ತಲ್ಲ, ಅಷ್ಟು ಸಾಕಿತ್ತು.

ಒಂದು ಮಧ್ಯಾಹ್ನ ಎಲ್ಲಕ್ಕಿಂತ ಸಣ್ಣ ತಂತಿ ಟಪ್ಪೆಂದು ಹರಿಯಿತು. ಗಿಟಾರನ್ನು ಮಡಿಲಲ್ಲಿಟ್ಟುಕೊಂಡು ಕಲ್ಲಿನಂತೆ ಕೂತೆ. ಅಮ್ಮ ಅಡುಗೆಮನೆಯಿಂದ ಬಂದು ನೋಡಿದಳು.

"ಏನ್ ನನ್ ಕಣ್ಣು, ಯಾಕಿಂಗೆ ಕುಂತಿದ್ದೀಯ?"

"ಮುಗೀತು" ಅಂದೆ.

"ಅಯ್ಯ! ಒಂದು ಎಳೆ ಹರಿದ್ರೆ ಪಾವು ಮುಗೀತಾ? ದಿನಾ ಎಷ್ಟು ಎಳೆ ಹರೀತಾವೆ, ಕಟ್ಕೊಂಡು ಹೋಗ್ತಿಲ್ವಾ ನಾವು? ಎದ್ದು ಮುಖ ತೊಳ್ಕೋ."

ಅಮ್ಮ ನೂಲು ಕಟ್ಟುವುದರಲ್ಲಿ ಇಡೀ ಬೀದಿಗೇ ಹೆಸರಾದವಳು. ನಮ್ಮಲ್ಲಿ ಒಂದು ಪಾವು ಮುಗಿಯುತ್ತಾ ಬಂದರೆ ಮಗ್ಗವನ್ನು ಬರಿದು ಮಾಡುವುದಿಲ್ಲ. ಹಳೆಯ ಪಾವಿನ ಬಾಲವನ್ನು ಒಂದಿಷ್ಟು ಉಳಿಸಿಕೊಂಡು, ಹೊಸ ಪಾವಿನ ಒಂದೊಂದು ಎಳೆಯನ್ನೂ ಹಳೆಯದರ ಒಂದೊಂದು ಎಳೆಗೆ ಹೊಸೆದು ಕಟ್ಟಿ, ಹಳೆಯದನ್ನು ಎಳೆದರೆ ಹೊಸದು ಅದರ ಹಿಂದೆಯೇ ಬಂದು ಕೂರುತ್ತದೆ. ಕೆಲಸವೂ ಸಲೀಸು, ಮಗ್ಗ ಬರಿದಾಗಿ ನಿಲ್ಲುವ ಅಪಶಕುನವೂ ಇಲ್ಲ. ಬರಿದಾದ ಮಗ್ಗವನ್ನು ನಾನು ಹುಟ್ಟಿದಾಗಿನಿಂದ ನಮ್ಮ ಶೆಡ್ಡಿನಲ್ಲಿ ನೋಡಿರಲಿಲ್ಲ.

ಅಮ್ಮ ಕೊಟ್ಟ ಧೈರ್ಯದಿಂದ ಕೊಯಮತ್ತೂರಿಗೆ ಬಸ್ಸು ಹತ್ತಿದೆ. ವಾದ್ಯದ ಅಂಗಡಿಯಲ್ಲಿ ಒಂದೇ ಒಂದು ತಂತಿ ಕೇಳಿದರೆ ಅಂಗಡಿಯವನು "ತನಿಯಾ ಕಿಡೈಕ್ಕಾದಮ್ಮಾ, ಸೆಟ್ಟಾತ್ತಾನ್" ಅಂದುಬಿಟ್ಟ. ಬಿಡಿಯಾಗಿ ಸಿಗುವುದಿಲ್ಲವಂತೆ, ತೆಗೆದುಕೊಂಡರೆ ಆರೂ ತೆಗೆದುಕೊಳ್ಳಬೇಕಂತೆ. ಎಲಾ ಇವನ, ಒಂದು ಗುಂಡಿ ಕಿತ್ತುಹೋದರೆ ಅಂಗಿಯನ್ನೇ ಕೊಳ್ಳಬೇಕಾ ಎಂದು ಅಲ್ಲೇ ಜಗಳ ತೆಗೆದೆ. ಅವನು ನಕ್ಕು, ಉಳಿದ ಐದು ಹೇಗಿವೆ ಎಂದು ಕೇಳಿದ. ಕಪ್ಪಾಗಿವೆ ಅಂದೆ. "ಅವೂ ಇವತ್ತೋ ನಾಳೆಯೋ" ಎಂದು ತಮಿಳಿನಲ್ಲೇ ಹೇಳಿ ಪೊಟ್ಟಣ ಮುಂದಿಟ್ಟ. ಆರನ್ನೂ ತಂದೆ.

ಮನೆಗೆ ಬಂದ ಮೇಲೆ ಭಯ ಶುರುವಾಯಿತು. ಆರು ಹೊಸ ತಂತಿ ಅಂದರೆ ಅದು ಹೊಸ ಪಾವೇ ಆಯಿತಲ್ಲ? ಹಳೆಯದನ್ನು ಬಿಚ್ಚಿದ ಗಳಿಗೆಯೇ ಅಪ್ಪನ ಗಡುವು ಮುಗಿಯಿತು. ಅಮ್ಮನಿಗೆ ಹೇಳಿದರೆ ಅವಳು ಕಣ್ಣನ್ನೂ ಮಿಟುಕಿಸಲಿಲ್ಲ.

"ಯಾಕೆ ಬಿಚ್ಬೇಕು? ಬಾಲಕ್ಕೆ ಕಟ್ಟಣ. ಕಟ್ಟಿದ್ರೆ ಅದು ಅದೇ ಪಾವು. ನಿಮ್ಮಪ್ಪನ್ ಮಾತು ಎಲ್ಲೂ ಹೋಗಲ್ಲ."

ನಾನು ಅಮ್ಮನನ್ನು ತಬ್ಬಿಕೊಂಡೆ. ಇಂಥ ವಕೀಲಿಕೆ ಬೇರೆ ಯಾವ ಮನೆಯಲ್ಲಿ ಸಿಕ್ಕೀತು?

ಮರುದಿನ ಕರೆಂಟು ಹೋದಾಗ ನಡುಮನೆಯಲ್ಲಿ ಕೂತೆವು. ಗಿಟಾರನ್ನು ಅಂಗಾತ ಮಲಗಿಸಿದೆವು. ಹರಿದ ತಂತಿಯ ಮೇಲಿನ ತುಂಡು ಬಿರಡೆಗೆ ಸುತ್ತಿಕೊಂಡೇ ಇತ್ತು. ಅದನ್ನು ಬಿಚ್ಚಿ ಬಿಸಾಡಿ ಹೊಸ ತಂತಿಯನ್ನು ಬಿರಡೆಯ ತೂತಿಗೆ ಪೋಣಿಸಿ ತಿರುಗಿಸಿದರೆ ಆಗಿಹೋಗುವ ಕೆಲಸ, ಮಕ್ಕಳೂ ಮಾಡುತ್ತಾರೆ. ನಮಗೆ ಅದು ಹೊಳೆಯಲೇ ಇಲ್ಲ, ಹೊಳೆದಿದ್ದರೂ ಮಾಡುತ್ತಿರಲಿಲ್ಲ. ಹೊಸ ತಂತಿಯ ಒಂದು ತುದಿಗಿದ್ದ ಪುಟ್ಟ ಗುಂಡನ್ನು ಗಿಟಾರಿನ ಕೆಳಗಿನ ತಗಡಿನ ಕೊಕ್ಕೆಗೆ ಸಿಕ್ಕಿಸಿದೆ. ಅಮ್ಮ ಒಲೆಯ ಬೂದಿಯನ್ನು ಬೆರಳಿಗೆ ಹಚ್ಚಿಕೊಂಡು, ನೂಲು ಹೊಸೆಯುವ ಹಾಗೆಯೇ ಹೊಸ ತಂತಿಯ ತುದಿಯನ್ನು ಹಳೆಯ ತುಂಡಿಗೆ ಹೊಸೆದಳು. ಉಕ್ಕಿನ ತಂತಿ ನೂಲಿನ ಮಾತು ಕೇಳುತ್ತದೆಯೇ? ಎರಡು ಸಲ ಬಿಚ್ಚಿಕೊಂಡಿತು. ಮೂರನೆಯ ಸಲ ಹಲ್ಲಿನಲ್ಲಿ ಕಚ್ಚಿ ಬಿಗಿದಳು.

"ಸುತ್ತು, ಮೆಲ್ಲ ಸುತ್ತು" ಅಂದಳು. ಬಿರಡೆ ತಿರುಗಿಸಿದೆ. ಗಂಟು ಮೆಲ್ಲನೆ ಮೇಲಕ್ಕೆ ಹೊರಟಿತು. ತಂತಿ ಬಿಗಿಯಾಗತೊಡಗಿತು, ಮೀಟಿದರೆ ಸಣ್ಣಗೆ ಒಂದು ದನಿಯೂ ಬಂತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು. ಇನ್ನೊಂದು ಸುತ್ತು ತಿರುಗಿಸಿದೆ, ಅಷ್ಟೇ. ಗಂಟು ಜಾರಿ ತಂತಿ ಚಿಮ್ಮಿ ಅಮ್ಮನ ಕೈಗೆ ಬಡಿಯಿತು.

"ಅವ್ವಾ ಸೌಡಮ್ಮಾ!" ಎಂದು ಕುಲದೇವಿಯನ್ನು ಕೂಗಿದಳು. ಮುಂಗೈಯ ಮೇಲೆ ಕೆಂಪು ಗೆರೆ ಮೂಡಿತು. ಶೆಡ್ಡಿನಲ್ಲಿ ಬಟ್ಟೆಯ ರಾಶಿಯ ಮೇಲೆ ಒರಗಿದ್ದ ಅಪ್ಪ ಎದ್ದು ಬಂದರು.

"ಏನ್ ಮಾಡ್ತಾ ಇದ್ದೀರ?"

"ಪಾವು ಕಟ್ತಾ ಇದ್ದೀವಿ" ಅಂದಳು ಅಮ್ಮ, ದೋಸೆ ಹುಯ್ಯುತ್ತಾ ಇದ್ದೀವಿ ಅನ್ನುವಷ್ಟು ಸಲೀಸಾಗಿ.

ಅಪ್ಪ ಕುಕ್ಕರಗಾಲಲ್ಲಿ ಕೂತು ಗಿಟಾರನ್ನು ನೋಡಿದರು. ಜಾರಿದ ಗಂಟನ್ನು ಬೆರಳಲ್ಲಿ ಎತ್ತಿ ನೋಡಿದರು. "ಇದಕ್ಯಾಕೆ ಕಟ್ಟಿದ್ರಿ? ಹಳೇದು ಕಿತ್ತು ಹೊಸದು ಹಾಕಕ್ಕಾಗಲ್ವಾ?"

ಅಷ್ಟು ಹೊತ್ತು ತಡೆದುಕೊಂಡಿದ್ದ ನನ್ನ ಬಾಯಿ ಬಿಟ್ಟಿತು. "ಕಿತ್ರೆ ಮುಗೀತು ಅಂತೀರಲ್ಲ! ಮುಗೀತು ಅಂದ್ರೆ ತಿರುಪ್ಪೂರಿಗೆ ಕಳಿಸ್ತೀರಲ್ಲ! ಅದಕ್ಕೇ ಕಟ್ಟಿದ್ದು. ನಂಗೆ ಇದು ಬೇಕು ಅಪ್ಪಾ. ಈ ಮನೇಲಿ ನಂದು ಅಂತ ಬೇರೆ ಏನಿದೆ?" ಕರೆಂಟಿಲ್ಲದ ಊರಿನಲ್ಲಿ ನನ್ನ ಕೂಗು ಬೀದಿಯ ಕೊನೆಯವರೆಗೂ ಹೋಗಿರಬೇಕು. ಮಗ್ಗ ನಿಂತಿದೆ ಅನ್ನುವುದೂ ಮರೆತುಹೋಗಿತ್ತು.

ಅಪ್ಪ ಎದ್ದು ಶೆಡ್ಡಿಗೆ ಹೋದರು, ಕಟಿಂಗ್ ಪ್ಲೇಯರ್ ಹಿಡಿದು ಬಂದರು. ನಾನು ಏನೆಂದು ಕೇಳುವ ಮೊದಲೇ ದಪ್ಪ ತಂತಿಗೆ ಹಾಕಿ ಕಟ್ ಎಂದು ಕತ್ತರಿಸಿದರು. ಆಮೇಲೆ ಮುಂದಿನದು. ಆಮೇಲೆ ಅದರ ಮುಂದಿನದು.

"ಅಯ್ಯೋ ಸಾಮಿ, ಏನಿದು!" ಎಂದು ಅಮ್ಮ ಬಾಯಿ ಮುಚ್ಚಿಕೊಂಡಳು. ಐದೂ ತಂತಿ ಸುರುಳಿಯಾಗಿ ನೆಲಕ್ಕೆ ಬಿದ್ದವು. ಕೊನೆಗೆ ಬಿರಡೆಗಳಲ್ಲಿ ಉಳಿದಿದ್ದ ತುಂಡುಗಳನ್ನೂ ಒಂದೊಂದಾಗಿ ಕಿತ್ತು ಹಾಕಿದರು. ಗಿಟಾರು ಬರೀ ಮರವಾಗಿ ಮಲಗಿತ್ತು. ಮುಗಿಯಿತು, ನನ್ನದು ಎಲ್ಲಾ ಮುಗಿಯಿತು ಎಂದು ಗೋಡೆಯ ಕಡೆ ತಿರುಗಿದೆ.

"ನನ್ನ ಇಸ್ಕೂಲಿಂದ ಬಿಡಿಸಿದಾಗ" ಎಂದು ಅಪ್ಪ ಶುರುಮಾಡಿದರು. ಯಾರಿಗೆ ಹೇಳುತ್ತಿದ್ದಾರೆಂದು ಗೊತ್ತಾಗದ ಹಾಗೆ ನೆಲದ ಮೇಲಿನ ತಂತಿಗಳನ್ನು ಕೂಡಿಸುತ್ತಾ ಹೇಳಿದರು. "ನಮ್ಮಪ್ಪ ಅಂದ್ರು, ಈ ಪಾವು ಮುಗೀಲಿ, ಮತ್ತೆ ಸೇರಿಸ್ತೀನಿ ಅಂತ. ನಾ ಕಾದೆ. ಅದರ ಬಾಲಕ್ಕೆ ಇನ್ನೊಂದು ಪಾವು ಕಟ್ಟಿದ್ರು. ಅದರ ಬಾಲಕ್ಕೆ ಮತ್ತೊಂದು. ಕಟ್ಟಿದ್ರೆ ಅದು ಅದೇ ಪಾವು ತಾನೇ? ಎಲ್ಲಿ ಮುಗೀತದೆ?"

ಅಪ್ಪ ಶಾಲೆಯ ಮಾತೆತ್ತಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಅವರ ದನಿಯಲ್ಲಿ ದೂರು ಇರಲಿಲ್ಲ. ಅದಕ್ಕೇ ನನಗೆ ಸಂಕಟವಾಯಿತು. ಅಮ್ಮ ಅವರನ್ನೇ ನೋಡುತ್ತಾ ಬೂದಿಯ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಆ ಪಾವು ನಿನ್ ತಮ್ಮಂದು" ಎಂದು ಅಪ್ಪ ಅಮ್ಮನ ಕಡೆ ತಿರುಗಿದರು. "ಅದು ಮುಗೀತು. ಅದರ ಜೊತೆ ನಾನಾಡಿದ ಮಾತೂ ಮುಗೀತು. ಗಿಟಾರ್ ಇಲ್ಲೇ ಇರ್ಲಿ, ಅವನಿಗೆ ಗ್ರೈಂಡರ್ ನಾ ಕೊಡಿಸ್ತೀನಿ." ಆಮೇಲೆ ಹೊಸ ಪೊಟ್ಟಣ ನನ್ನ ಮುಂದೆ ಸರಿಸಿ ಕೇಳಿದರು, "ಮೊದಲು ಯಾವುದು? ದಪ್ಪದ್ದಾ, ಸಣ್ಣದ್ದಾ?"

ನಾನು ದಪ್ಪದ್ದನ್ನು ಬೆರಳಲ್ಲಿ ತೋರಿಸಿದೆ. ಅಪ್ಪ ನಾನು ಹೇಳಿದ ಹಾಗೆ ಅದರ ಗುಂಡನ್ನು ಕೊಕ್ಕೆಗೆ ಸಿಕ್ಕಿಸಿ ಎಳೆದು ಹಿಡಿದರು. ನಾನು ತುದಿಯನ್ನು ಬಿರಡೆಗೆ ಪೋಣಿಸಿ ತಿರುಗಿಸಿದೆ. ಮೂರನೆಯ ತಂತಿಯ ಹೊತ್ತಿಗೆ ಕರೆಂಟು ಬಂತು. ಬೀದಿಯ ಮಗ್ಗಗಳೆಲ್ಲ ಗಡಗಡನೆ ಎದ್ದವು, ನಮ್ಮ ಕೆಲಸದವನೂ ಶೆಡ್ಡಿನಲ್ಲಿ ಒಂದೊಂದಾಗಿ ಶುರುಮಾಡಿದ. ಕರೆಂಟು ಬಂದ ಕ್ಷಣ ಉಣ್ಣುವ ತಟ್ಟೆ ಬಿಟ್ಟು ಓಡುವ ಅಪ್ಪ ಅವತ್ತು ಕೂತ ಜಾಗ ಬಿಟ್ಟು ಏಳಲಿಲ್ಲ. ಆರನೆಯ ತಂತಿ ಬಿಗಿಯುವ ತನಕ ಹಿಡಿದೇ ಇದ್ದರು.

ಆ ಗಲಾಟೆಯಲ್ಲಿ ಶ್ರುತಿ ಮಾಡುವುದು ಸಾಧ್ಯವೇ ಇರಲಿಲ್ಲ. ಸುಮ್ಮನೆ ಒಂದು ಸಲ ಆರನ್ನೂ ಮೀಟಿದೆ. ದನಿ ಕೇಳಿಸಲಿಲ್ಲ, ಎದೆಗೆ ಆನಿಸಿಕೊಂಡಿದ್ದ ಮರ ಮಾತ್ರ ನಡುಗಿತು. ಅಪ್ಪ ಎದ್ದು ಶೆಡ್ಡಿನ ಬಾಗಿಲವರೆಗೆ ಹೋಗಿದ್ದರು. ನನಗೆ ಇನ್ನೂ ನಂಬಿಕೆ ಬಂದಿರಲಿಲ್ಲ.

"ಈ ಪಾವು ಮುಗಿದ ಮೇಲೆ ಏನಪ್ಪಾ?" ಎಂದು ಕೂಗಿದೆ.

ಅವರು ಕಿವಿಗೆ ಕೈ ಹಿಡಿದರು. ಇನ್ನೊಂದು ಸಲ ಕೂಗಿದೆ.

"ಅದನ್ನ ನನ್ ಯಾಕೆ ಕೇಳ್ತೀಯ?" ಎಂದು ಮಗ್ಗಗಳ ಸದ್ದಿಗಿಂತ ಜೋರಾಗಿ ಕೂಗಿ ಹೇಳಿದರು ಅಪ್ಪ. "ಪಾವು ನಿಂದು. ಮುಗಿದಾಗ ನಿನ್ನೇ ನೀ ಕೇಳ್ಕೋ."