ಮೂರು ಮಡಿಕೆಯ ಲಂಗ

ಹೊಸ ಬಟ್ಟೆಯ ಗಂಜಿ ವಾಸನೆ ಮೂಗಿಗೆ ಬಂದರೆ ನನಗೆ ಹಸಿವಾಗುತ್ತದೆ. ಕಾರಣ ಹುಡುಕಲು ಬಹಳ ದೂರ ಹೋಗಬೇಕಿಲ್ಲ. ನಾವು ಚಿಕ್ಕವರಿದ್ದಾಗ ಬಟ್ಟೆ ಅಂಗಡಿಗೆ ಹೋದ ದಿನ ಮಾತ್ರ ಹೋಟೆಲಿನ ದೋಸೆ ಸಿಗುತ್ತಿತ್ತು. ಹಾಗಾಗಿ ಗಂಜಿಯೂ ದೋಸೆಯೂ ನನ್ನೊಳಗೆಲ್ಲೋ ಒಂದಕ್ಕೊಂದು ಅಂಟಿಕೊಂಡುಬಿಟ್ಟಿವೆ.

ಕಳೆದ ವಾರ ಕಡೂರಿನ ಒಂದು ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದಂತೆ ಅದೇ ವಾಸನೆ ಬಂತು, ಅದೇ ಹಸಿವೂ ಆಯಿತು. ಸಿಂಗಟಗೆರೆಯಲ್ಲಿರುವ ನನ್ನ ಅಕ್ಕನ ಇಬ್ಬರು ಹೆಣ್ಣುಮಕ್ಕಳಿಗೆ ಗೌರಿ ಹಬ್ಬದ ಬಟ್ಟೆ ಕೊಡಿಸುವ ಕೆಲಸ ಈ ವರ್ಷ ನನ್ನ ಪಾಲಿಗೆ ಬಂದಿತ್ತು. ತೋಟದಲ್ಲಿ ತೆಂಗಿನಕಾಯಿ ಕೀಳಿಸುತ್ತಿದ್ದುದರಿಂದ ಅಕ್ಕ ಹೊರಡುವಂತಿರಲಿಲ್ಲ. "ನೀನು ಓದಿದೋಳು. ವಯಸ್ಸಿಗೆ ತಕ್ಕಂಗೆ ನೋಡಿ ಕೊಡ್ಸು" ಎಂದು ಮಕ್ಕಳ ಕೈ ನನ್ನ ಕೈಗಿಟ್ಟು ಬಸ್ಸು ಹತ್ತಿಸಿದಳು. ತರೀಕೆರೆಯ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುವವಳಿಗೆ ಫ್ರಾಕಿನ ಉದ್ದದ ಬಗ್ಗೆ ಹೆಚ್ಚಿನ ತಿಳಿವಳಿಕೆ ಇರುತ್ತದೆ ಎಂದು ಅವಳು ಯಾಕೆ ನಂಬಿದಳೋ ಗೊತ್ತಿಲ್ಲ.

ಚಿಕ್ಕವಳು ಪುಟ್ಟಿಯ ಕೆಲಸ ಬೇಗ ಮುಗಿಯಿತು. ಹಳದಿ ಫ್ರಾಕೊಂದನ್ನು ಎದೆಗೆ ಅವಚಿಕೊಂಡವಳು ಬಿಡಲೇ ಇಲ್ಲ. ಕಷ್ಟವಾದದ್ದು ದೊಡ್ಡವಳು ಸುಮಳದು. ಅವಳ ಕಣ್ಣು ಗೋಡೆಗೆ ತೂಗುಹಾಕಿದ್ದ ಒಂದು ನೇರಳೆ ಮ್ಯಾಕ್ಸಿಯ ಮೇಲಿತ್ತು. ಕತ್ತಿನಿಂದ ಪಾದದವರೆಗೆ ಇಳಿಬಿದ್ದಿದ್ದ ಆ ಉಡುಪು, ತೋಳಿಗೊಂದು ಸಾಲು, ಅಂಚಿಗೆರಡು ಸಾಲು ಝಾಲರಿಯ ಭಾರಕ್ಕೆ ದಣಿದಂತೆ ಕಾಣುತ್ತಿತ್ತು. ನಾನು ಮುಖ ಬೇರೆ ಕಡೆ ತಿರುಗಿಸಿದೆ. ಅಂಗಡಿಯವರು ಗಲ್ಲಾದ ಹಿಂದಿನಿಂದಲೇ "ದೊಡ್ಡ ಮಗೂಗೆ ವಯಸ್ಸೆಷ್ಟು ಮೇಡಂ?" ಎಂದರು.

ಆ ಪ್ರಶ್ನೆಯನ್ನು ನಾನು ಇದೇ ಊರಿನಲ್ಲಿ, ಇಪ್ಪತ್ತೈದು ವರ್ಷದ ಹಿಂದೆ, ಇನ್ನೊಂದು ಅಂಗಡಿಯಲ್ಲಿ ಕೇಳಿದ್ದೆ. ಈಗ ನಾನು ಏನು ಉತ್ತರ ಕೊಟ್ಟೆ ಎಂಬುದು ಅಷ್ಟೇನೂ ಹೆಮ್ಮೆಯ ವಿಷಯವಲ್ಲವಾದ್ದರಿಂದ ಅದು ಸ್ವಲ್ಪ ಕಾಯಲಿ. ಅಷ್ಟರಲ್ಲಿ ನೀವು ನನ್ನೊಡನೆ ಆ ಹಳೆಯ ಅಂಗಡಿಗೆ ಬಂದು ಹೋಗಬಹುದು.

ಆಗ ನಾವು ಅಜ್ಜಂಪುರದಲ್ಲಿದ್ದೆವು. ಅಪ್ಪ ರೈಲ್ವೆ ಸ್ಟೇಷನ್ನಿನಲ್ಲಿ ಗುಮಾಸ್ತರು. ಮನೆಯಲ್ಲಿ ಅಪ್ಪ, ಅಮ್ಮ, ಅಪ್ಪನ ತಾಯಿ ಅಜ್ಜಿ, ಅಕ್ಕ ಮತ್ತು ನಾನು. ಹಬ್ಬದ ಬಟ್ಟೆಯ ವಿಷಯದಲ್ಲಿ ನಮ್ಮಲ್ಲಿ ಒಂದು ಪದ್ಧತಿಯಿತ್ತು. ಇಬ್ಬರು ಹೆಣ್ಣುಮಕ್ಕಳಿಗೂ ಒಂದೇ ತಾನಿನಿಂದ ಕತ್ತರಿಸಬೇಕು, ಆಗ ಜಗಳವಿರುವುದಿಲ್ಲ. ನ್ಯಾಯವಾದ ಏರ್ಪಾಡೇ. ಆದರೆ ಅದರ ಪರಿಣಾಮವನ್ನು ಕಿರಿಯವಳಾದ ನನ್ನನ್ನು ಕೇಳಬೇಕು. ಮೊದಲು ನನ್ನ ಪಾಲಿನ ಫ್ರಾಕು ಹರಿಯುವವರೆಗೆ ತೊಡುತ್ತಿದ್ದೆ. ಅದು ಹರಿಯುವ ಹೊತ್ತಿಗೆ ಅಕ್ಕನಿಗೆ ಗಿಡ್ಡವಾದ ಅದೇ ಬಣ್ಣದ, ಅದೇ ಹೂವಿನ ಫ್ರಾಕು ನನಗೆ ಇಳಿದು ಬರುತ್ತಿತ್ತು. ಹಳೆಯ ಫೋಟೋಗಳಲ್ಲಿ ನಾನು ಬೆಳೆಯುತ್ತೇನೆ, ಹಲ್ಲು ಬಿದ್ದು ಹಲ್ಲು ಬರುತ್ತದೆ, ಬಟ್ಟೆ ಮಾತ್ರ ಅದೇ. ನನಗೆ ಬೇರೆ ಬಟ್ಟೆಯೇ ಇರಲಿಲ್ಲವೆಂದು ಗೆಳತಿಯೊಬ್ಬಳು ಮರುಗಿದ್ದುಂಟು.

ಆ ವರ್ಷ ಅಕ್ಕನಿಗೆ ಹನ್ನೊಂದು ತುಂಬಿತ್ತು. ಆರು ತಿಂಗಳಲ್ಲಿ ಅವಳ ಕಾಲು ಉದ್ದವಾಗಿ, ಫ್ರಾಕು ಮೊಳಕಾಲಿಗಿಂತ ಮೇಲೇರಿ ಕೂತಿತ್ತು. ಒಂದು ಬೆಳಿಗ್ಗೆ ಅಜ್ಜಿ ಹೂಬತ್ತಿ ಹೊಸೆಯುತ್ತಾ ತೀರ್ಪು ಕೊಟ್ಟರು. "ಈ ಗೌರಿ ಹಬ್ಬಕ್ಕೆ ಇವ್ಳಿಗೆ ಉದ್ದ ಲಂಗ, ದಾವಣಿ. ಕೊಕ್ಕರೆ ಥರ ಕಾಲು ಬಿಟ್ಕೊಂಡು ಓಡಾಡಿದ್ದು ಸಾಕು."

ಅಕ್ಕನಿಗೆ ಇದು ಬರೀ ಬಟ್ಟೆಯ ಮಾತಾಗಿರಲಿಲ್ಲ. ಅವಳು ಶಾಲೆಯ ಖೋ ಖೋ ತಂಡದಲ್ಲಿದ್ದಳು. ಹಬ್ಬ ಕಳೆದ ಮೇಲೆ ತರೀಕೆರೆಯಲ್ಲಿ ತಾಲ್ಲೂಕಿನ ಪಂದ್ಯವಿತ್ತು. ನಮ್ಮ ಶಾಲೆಯಲ್ಲಿ ಹೀಗೆಂದು ಯಾರೂ ಬರೆದಿಟ್ಟಿರಲಿಲ್ಲ, ಆದರೆ ದಾವಣಿ ಹೊದ್ದ ಹುಡುಗಿಯರು ಆಟಕ್ಕೆ ಇಳಿಯುತ್ತಿರಲಿಲ್ಲ. ಅವರು ಬೇಲಿಯ ಹತ್ತಿರ ನಿಂತು ಉಳಿದವರ ಚಪ್ಪಲಿ ಕಾಯುತ್ತಿದ್ದರು. ಅಕ್ಕ ಅಜ್ಜಿಗೆ ಎದುರಾಡಲಿಲ್ಲ. ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿದ್ದ ಅಮ್ಮನ ಪಕ್ಕ ಕುಕ್ಕರುಗಾಲಲ್ಲಿ ಕೂತು, "ದಾವಣಿ ಹಾಕ್ಕಂಡು ಕೂತಿರೋಳು ಖೋ ಅಂದ ತಕ್ಷಣ ಎದ್ದು ಓಡೋದು ಹೆಂಗಮ್ಮ?" ಎಂದಳು. ಅಮ್ಮ ಬೂದಿ ಹಚ್ಚಿದ ಚೊಂಬನ್ನು ಇನ್ನೊಮ್ಮೆ ಉಜ್ಜಿದರು.

ನನ್ನ ಆಸೆ ಇದಕ್ಕೆ ತದ್ವಿರುದ್ಧವಾಗಿತ್ತು. ಒಂಬತ್ತು ವರ್ಷದ ನನಗೆ ಉದ್ದ ಲಂಗ ಬೇಕಿತ್ತು. ಅಪ್ಪನ ಟವೆಲನ್ನು ಸೊಂಟಕ್ಕೆ ಸುತ್ತಿಕೊಂಡು ಪಡಸಾಲೆಯಲ್ಲಿ ಗಂಭೀರವಾಗಿ ನಡೆದು ತೋರಿಸಿದ್ದೆ. ಯಾರೂ ಗಮನಿಸಲಿಲ್ಲ, ಟವೆಲು ಮಾತ್ರ ಕಸಿದುಕೊಂಡರು.

ಹುಡುಕಾಟ ಮೊದಲಾದದ್ದು ಅಜ್ಜಂಪುರದಲ್ಲೇ. ಅಲ್ಲಿಯ ಅಂಗಡಿಯವರು ಅಕ್ಕನನ್ನು ಮೇಲಿಂದ ಕೆಳಗೆ ನೋಡಿ ಕೈಚೆಲ್ಲಿದರು. "ನಮ್ಮಲ್ಲಿ ಇದ್ರೆ ತೊಟ್ಲು ಕೂಸಿಂದು, ಇಲ್ಲ ಮದ್ವೆ ಹೆಣ್ಣಿಂದು. ನಡುವಿನೋರಿಗೆ ಊರೋರು ಏನ್ ಹಾಕ್ತಾರೋ ನಂಗೂ ಗೊತ್ತಿಲ್ಲ ಕಣಮ್ಮ." ಮುಂದಿನ ಭಾನುವಾರ ಅಪ್ಪನಿಗೆ ಡ್ಯೂಟಿ ಇದ್ದುದರಿಂದ ಅಜ್ಜಿಯ ಮುಂದಾಳತ್ವದಲ್ಲಿ ನಾವು ನಾಲ್ವರು ಹೆಂಗಸರು ಬಸ್ಸಿನಲ್ಲಿ ತರೀಕೆರೆಗೆ ಹೊರಟೆವು. ನನ್ನನ್ನೂ ಹೆಂಗಸರ ಲೆಕ್ಕಕ್ಕೆ ಸೇರಿಸಿದ್ದೇನೆ. ಅವತ್ತು ನನಗೆ ಹಾಗೇ ಅನ್ನಿಸಿತ್ತು.

ತರೀಕೆರೆಯಲ್ಲಿ ಅಮ್ಮ ಹಿಡಿದದ್ದನ್ನು ಅಜ್ಜಿ ಬಿಡಿಸಿದರು, ಅಜ್ಜಿ ಹಿಡಿದದ್ದನ್ನು ಅಮ್ಮ ಮಾತಿಲ್ಲದೆ ಮಡಚಿಟ್ಟರು. ಒಂದರ ತೋಳು ಗಿಡ್ಡ, ಇನ್ನೊಂದರ ಗುಲಾಬಿ ಬಣ್ಣ ಕಣ್ಣಿಗೆ ಚುಚ್ಚುವಂಥದ್ದು, ಮತ್ತೊಂದು ನೀರು ಕಂಡರೆ ಕುಗ್ಗುವ ಜಾತಿ. ಬಿಸಿಲು ನೆತ್ತಿಗೇರಿದಾಗ ಅಜ್ಜಿ, "ಕಡೂರಿಗೇ ಹೋಗಾನ ನಡೀರಿ. ಅಲ್ಲಿಂದ ರೈಲಿಗೆ ಬಂದ್ರೆ ಪಾಸು ಐತೆ" ಎಂದರು.

ಕಡೂರಿನ ಬಸ್ಸು ತುಂಬಿತ್ತು. ಕಂಡಕ್ಟರು ನಮ್ಮ ಸೀಟಿನ ಹತ್ತಿರ ಬಂದು ಅಕ್ಕನ ಕಡೆ ಪೆನ್ಸಿಲು ತೋರಿಸಿದರು. "ಈ ಹುಡ್ಗಿಗೆ ಎಷ್ಟಜ್ಜಿ ವಯಸ್ಸು?"

"ಹತ್ತೂ ತುಂಬಿಲ್ಲ ಕಣಪ್ಪಾ" ಎಂದರು ಅಜ್ಜಿ, ಕಣ್ಣು ಮಿಟುಕಿಸದೆ. "ಎತ್ತರ ಅವ್ರಪ್ಪಂದು."

"ಹತ್ತಕ್ಕೇ ಹಿಂಗಾದ್ರೆ ಮದ್ವೆ ಹೊತ್ಗೆ ಬಸ್ಸಿನ ಸೂರು ಮುಟ್ತಾಳೆ ಬಿಡಿ" ಎಂದು ಕಂಡಕ್ಟರು ಅರ್ಧ ಟಿಕೆಟ್ಟು ಹರಿದು ಕೊಟ್ಟರು. ಹನ್ನೆರಡು ತುಂಬುವವರೆಗೂ ಅರ್ಧ ಟಿಕೆಟ್ಟೇ. ನಿಜ ಹೇಳಿದ್ದರೂ ಅಷ್ಟೇ ಆಗುತ್ತಿತ್ತು. ಆದರೆ ಅಜ್ಜಿಗೆ ಅಳತೆ ಯಾವುದೇ ಇರಲಿ, ಒಂದಿಷ್ಟು ಹೆಚ್ಚುಕಡಿಮೆಗೆ ಜಾಗ ಬಿಟ್ಟರೇನೇ ಸಮಾಧಾನ. ಅಕ್ಕ ಕಡೂರು ಬರುವವರೆಗೂ ಕುತ್ತಿಗೆ ಒಳಗೆಳೆದುಕೊಂಡು ಹತ್ತು ವರ್ಷದವಳಾಗಿ ಕೂತಿದ್ದಳು.

ಕಡೂರಿನ ಅಂಗಡಿಯಲ್ಲಿ ಬಿಳಿ ಹಾಸಿನ ಮೇಲೆ ಕೂತ ಅಂಗಡಿಯವರು ಅದೇ ಪ್ರಶ್ನೆ ಕೇಳಿದರು. "ಯಾರಿಗೆ ತಾಯಿ ಬಟ್ಟೆ? ವಯಸ್ಸೆಷ್ಟು?"

"ಇವ್ಳಿಗೆ. ಹದಿಮೂರು ನಡೀತೈತೆ. ದಾವಣಿಗೆ ತೋರ್ಸಿ" ಎಂದರು ಅಜ್ಜಿ.

ಅಕ್ಕನ ಮುಖ ನೆಲ ನೋಡಿತು. ಇನ್ನು ಕತ್ತರಿ ಬಿದ್ದರೆ ಮುಗಿಯಿತು; ಅವಳ ಉಳಿದ ಮಳೆಗಾಲವೆಲ್ಲ ಬೇಲಿಯ ಪಕ್ಕ, ಚಪ್ಪಲಿಗಳ ಕಾವಲಿನಲ್ಲಿ.

ಆಗ ಅಮ್ಮ ಮಾತಾಡಿದರು. ನಮ್ಮ ಅಮ್ಮ ಅಜ್ಜಿಯ ಎದುರು ಉಪ್ಪು ಕೇಳುವುದಕ್ಕೂ ದನಿ ತಗ್ಗಿಸುತ್ತಿದ್ದವರು. ಈಗಲೂ ಎತ್ತರಿಸಲಿಲ್ಲ. ಸೀರೆಯ ಸೆರಗು ಸರಿಮಾಡಿಕೊಳ್ಳುತ್ತಾ, ಗಂಟೆ ಎಷ್ಟಾಯಿತೆಂದು ಕೇಳುವವರ ಹಾಗೆ ಕೇಳಿದರು. "ತರೀಕೆರೆ ಬಿಟ್ಟಾಗ ಹತ್ತೂ ತುಂಬಿರ್ಲಿಲ್ಲ. ಬೀರೂರು ದಾಟೋಷ್ಟ್ರಲ್ಲಿ ಹದಿಮೂರಾಯ್ತಾ ಅತ್ತೆ?"

ಅಂಗಡಿಯವರು ಕೆಮ್ಮಿಕೊಂಡು ತಾನಿನ ಹಿಂದೆ ಮುಖ ಮರೆಮಾಡಿದರು. ನಾನು ಅಜ್ಜಿಯ ಮೂಗುಬೊಟ್ಟನ್ನು ನೋಡುತ್ತಾ ಕೂತೆ. ಸಿಟ್ಟು ಬಂದಾಗ ಅದು ಅಲುಗುತ್ತಿತ್ತು. ಅವತ್ತು ಎಷ್ಟು ಹೊತ್ತಾದರೂ ಅಲುಗಲಿಲ್ಲ. ಕೊನೆಗೆ ಅಜ್ಜಿ ಮಂಡಿ ಹಿಡಿದು ಎದ್ದರು. "ಮೊದ್ಲು ದೋಸೆ ತಿನ್ನಾನ ನಡೀರಿ. ಹಸ್ಕಂಡು ಬಟ್ಟೆ ನೋಡ್ಬಾರ್ದು."

ಹೋಟೆಲಿನಲ್ಲಿ ಅಜ್ಜಿ ಅರ್ಧ ದೋಸೆ ಮುಗಿಸಿದರು. ಆಮೇಲೆ ಅಕ್ಕನ ಕಡೆ ತಿರುಗಿ, "ಅದೇನೇ ಅದು ಖೋ ಖೋ? ಕೂತ್ಕಂಡಿರ್ತೀರೋ ಓಡ್ತಿರ್ತೀರೋ?" ಎಂದರು. ಅಕ್ಕ ಮೇಜಿನ ಮೇಲಿನ ಲೋಟಗಳನ್ನು ಸಾಲಾಗಿ ಇಟ್ಟಳು. ಒಂದು ಬಿಟ್ಟು ಒಂದು ಲೋಟ ಆ ಕಡೆ ಈ ಕಡೆ ಮುಖಮಾಡಿ ಕೂತಿರುವ ಆಟಗಾರ್ತಿ. ಚಮಚೆಯನ್ನು ಅವುಗಳ ನಡುವೆ ಓಡಿಸಿದಳು. ಅಜ್ಜಿ ಚಟ್ನಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿಕೊಟ್ಟರು.

"ನಂಗೆ ಎಂಟಕ್ಕೇ ಸೀರೆ ಉಡ್ಸಿದ್ರು" ಎಂದರು ಅಜ್ಜಿ, ಲೋಟಗಳನ್ನೇ ನೋಡುತ್ತಾ. "ಪಂಚನಳ್ಳೀಲಿ ಕರು ಹಿಡಿಯೋಕೆ ನನ್ ಬಿಟ್ರೆ ಇರ್ಲಿಲ್ಲ ಕಣೇ. ಆಮೇಲೆ ಅದನ್ನ ಹಿಡಿಯೋದು ಹೆಂಗೆ?"

ನಾವು ಅಂಗಡಿಗೆ ಮರಳಿದೆವು. ಕಡುಹಸಿರು ಬಣ್ಣದ ಮೇಲೆ ಸಾಸಿವೆಕಾಳಿನಂಥ ಹಳದಿ ಚುಕ್ಕಿಯ ಬಟ್ಟೆಯನ್ನು ಅಜ್ಜಿಯೇ ಆರಿಸಿ, ಅಕ್ಕನಿಗೆ ಪಾದ ಮುಟ್ಟುವಷ್ಟು ಉದ್ದದ ಲಂಗಕ್ಕೆ ಕತ್ತರಿಸಿ ಎಂದರು. ನನಗೆ ಅದರದ್ದೇ ಫ್ರಾಕು. ಅಕ್ಕನ ಕಣ್ಣು ತುಂಬಿಕೊಳ್ಳುವ ಮೊದಲೇ ಅಮ್ಮನ ಕಡೆ ತಿರುಗಿದರು. "ಉದ್ದ ನಾನು ಹೇಳ್ದಷ್ಟೇ ಇರ್ಲಿ. ಅದ್ರಲ್ಲಿ ಎಷ್ಟು ಬಿಚ್ಚಿರ್ಬೇಕು, ಎಷ್ಟು ಮಡಚಿರ್ಬೇಕು ಅನ್ನೋದು ನಿನ್ ಮಗ್ಳು ಹೇಳ್ಲಿ."

ಬೆಳೆಯುವ ಮಕ್ಕಳ ಬಟ್ಟೆಗೆ ಒಂದು ಮಡಿಕೆ ಬಿಟ್ಟು ಹೊಲಿಯುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಅಜ್ಜಿ ಆ ಲಂಗಕ್ಕೆ ನಾಲ್ಕು ಬೆರಳಗಲದ ಮೂರು ಮಡಿಕೆ ಹಾಕಿ, ಪಾದದ ಲಂಗವನ್ನು ಮೊಳಕಾಲಿಗೆ ತಂದು ನಿಲ್ಲಿಸಿದರು. ಬೀದಿಯವರು ಕೇಳಿದರೆ ಅದು ಉದ್ದ ಲಂಗ. ಅಕ್ಕ ಓಡಿದರೆ ಅದು ಫ್ರಾಕು. ದಾವಣಿಗೆಂದು ಅದೇ ಅಂಗಡಿಯಲ್ಲಿ ಕೊಂಡಿದ್ದ ಬಟ್ಟೆ ಪೆಟ್ಟಿಗೆ ಸೇರಿತು. ಗೌರಿಗೆ ಬಾಗಿನ ಕೊಡುವಾಗ ಮೂರು ಪದರದ ಭಾರಕ್ಕೆ ಲಂಗ ಛತ್ರಿಯ ಹಾಗೆ ಅರಳಿಕೊಂಡು, ಪಕ್ಕದಲ್ಲಿ ನಿಂತ ನನ್ನನ್ನು ಆಚೆಗೆ ನೂಕುತ್ತಿತ್ತು.

ಪಂದ್ಯಕ್ಕೆ ಅಜ್ಜಿಯೂ ಬಂದರು. ಮೊಮ್ಮಗಳನ್ನು ನೋಡಲಿಕ್ಕಲ್ಲ, ಹೊಲಿಗೆ ನೋಡಲಿಕ್ಕೆ ಎಂದರು. ಆಟ ಜೋರಾದಾಗ ಅಕ್ಕ ಕಂಬ ಸುತ್ತಿ ತಿರುಗಿದಳು. ಟರ್ರನೆ ಶಬ್ದವಾಗಿ ಒಂದು ಮಡಿಕೆ ಅರ್ಧ ಬಿಚ್ಚಿಕೊಂಡು ಲಂಗ ಒಂದು ಕಡೆ ಇಳಿಬಿತ್ತು. ಅಕ್ಕ ನಿಂತೇಬಿಟ್ಟಳು. ಮೈದಾನದ ಅಂಚಿನಿಂದ ಒಂದು ದನಿ ಬಂತು. "ಏನ್ ನೋಡ್ತೀಯೇ, ಎತ್ತಿ ಸಿಗಿಸ್ಕಂಡು ಓಡೇ. ಕಾಲು ಯಾತಕ್ಕೆ ಕೊಟ್ಟವ್ನೆ ದೇವ್ರು?" ನಾನು ತಿರುಗಿ ನೋಡಿದೆ. ಅಜ್ಜಿಯ ಮೂಗುಬೊಟ್ಟು ಅಲುಗುತ್ತಿತ್ತು.

ನಮ್ಮ ಶಾಲೆ ಸೋತಿತು. ಮನೆಯಲ್ಲಿ ಅದು ಯಾರಿಗೂ ನೆನಪಿಲ್ಲ. ದಾರದ ಉಂಡೆ ಹಳೆಯದಾಗಿತ್ತು ಎಂದು ಅಜ್ಜಿ ವರ್ಷವಿಡೀ ಹೇಳಿದರು.

ಆಮೇಲಿನ ಒಂದೊಂದು ಗೌರಿ ಹಬ್ಬಕ್ಕೂ ಒಂದೊಂದು ಮಡಿಕೆ ಬಿಚ್ಚಿದರು. ಬಿಸಿಲು ಕಾಣದೆ ಒಳಗಿದ್ದ ಬಟ್ಟೆ ಬಿಚ್ಚಿದಾಗ ಮೊದಲ ದಿನದ ಕಡುಹಸಿರೇ ಇರುತ್ತಿತ್ತು. ಮಾಸಿದ ಲಂಗದ ಮೇಲೆ ಹೊಸ ಪಟ್ಟೆಗಳು. ಆ ಪಟ್ಟೆ ನೋಡಿ ಅಕ್ಕನ ವಯಸ್ಸು ಹೇಳಬಹುದಿತ್ತು, ಕಂಡಕ್ಟರಿಗೂ. ಮೂರನೆಯದನ್ನು ಬಿಚ್ಚಿದ ವರ್ಷ ಅವಳೇ ಪೆಟ್ಟಿಗೆಯಿಂದ ದಾವಣಿ ತೆಗೆಸಿ ಹೊದ್ದಳು. ಯಾರೂ ಹೇಳಿರಲಿಲ್ಲ.

ಲಂಗ ಪದ್ಧತಿಯಂತೆ ನನಗೆ ಇಳಿದು ಬಂತು. ಕೊನೆಗೂ ಉದ್ದ ಲಂಗ ಎಂದು ಸಂಭ್ರಮಪಟ್ಟೆ. ಆದರೆ ಅಜ್ಜಿ, "ನೀನೂ ಓಡ್ಬೇಕಲ್ಲ" ಎಂದು ಮೂರೂ ಮಡಿಕೆ ಮತ್ತೆ ಹಾಕಿ ಕೊಟ್ಟರು. ನಾನು ಓಡಲಿಲ್ಲ. ಮೊಳಕಾಲ ಲಂಗ ತೊಟ್ಟು ಜಗಲಿಯಲ್ಲಿ ಕೂತು ಪುಸ್ತಕ ಓದಿದೆ. ಹಾಗಾಗಿ ನನ್ನ ಓದಿನಲ್ಲಿ ಆ ಮಡಿಕೆಗಳ ಪಾಲೆಷ್ಟು ಎಂದು ಈಗಲೂ ಲೆಕ್ಕ ಹತ್ತುವುದಿಲ್ಲ.

ಇನ್ನು ಕಳೆದ ವಾರದ ನನ್ನ ಉತ್ತರ. ತೂಗುಹಾಕಿದ ಬಟ್ಟೆ ಇಳಿಸುವ ಅಂಗಡಿಯವರ ಕೋಲು ಆ ನೇರಳೆ ಮ್ಯಾಕ್ಸಿಯ ಕಡೆಗೆ ಏಳುತ್ತಿತ್ತು. ಅದನ್ನು ತಡೆಯಲು ನನಗೆ ಹೊಳೆದದ್ದು ಒಂದೇ ದಾರಿ. "ಇನ್ನೂ ಚಿಕ್ಕೋಳು. ಒಂಬತ್ತು" ಎಂದೆ.

ಸುಮ ನನ್ನ ಸೆರಗು ಎಳೆದಳು. ದನಿ ಎತ್ತರಿಸಲಿಲ್ಲ. "ಬಸ್ಸಲ್ಲಿ ಹನ್ನೊಂದು ತುಂಬಿದೆ ಅಂದ್ಯಲ್ಲ ಚಿಕ್ಕಮ್ಮ. ಸಿಂಗಟಗೆರೆಯಿಂದ ಇಲ್ಲಿಗೆ ಬರೋಷ್ಟ್ರಲ್ಲಿ ಎರಡು ವರ್ಷ ಎಲ್ಲೋಯ್ತು?"

ಈ ಕಥೆಯನ್ನು ಅವಳಿಗೆ ಯಾರೂ ಹೇಳಿಲ್ಲ. ಅಕ್ಕನನ್ನು ಆಮೇಲೆ ಕೇಳಿ ಖಚಿತ ಮಾಡಿಕೊಂಡೆ. ಅಂಗಡಿಯವರು ಕೆಮ್ಮಿದರು. ನಾನು ಎದ್ದೆ. "ಮೊದ್ಲು ದೋಸೆ ತಿನ್ನೋಣ ನಡೀರಿ" ಎಂದೆ. ಆ ಮಾತು ಅಜ್ಜಿಗೆ ಅವತ್ತು ಎಷ್ಟು ಅನುಕೂಲವಾಗಿ ಒದಗಿತ್ತೆಂದು ಆಗ ಗೊತ್ತಾಯಿತು.

ಮಸಾಲೆ ದೋಸೆಯ ಮೂಲೆ ಮುರಿಯುತ್ತಾ, ಆ ಮ್ಯಾಕ್ಸಿಯೇ ಯಾಕೆ ಎಂದು ಕೇಳಿದೆ. ಸುಮ ಪಕ್ಕದಲ್ಲಿದ್ದ ತಂಗಿಯತ್ತ ನೋಡಿ ದನಿ ಇನ್ನಷ್ಟು ತಗ್ಗಿಸಿದಳು. "ಪುಟ್ಟಿ ನನ್ನಷ್ಟೇ ಎತ್ತರ ಆಗ್ಬಿಟ್ಟಿದಾಳೆ. ಇಬ್ರಿಗೂ ಫ್ರಾಕು ಹಾಕಿದ್ರೆ ಎಲ್ರೂ ಯಾರು ದೊಡ್ಡೋಳು ಅಂತಾರೆ. ಹೋದ ಹಬ್ಬದಲ್ಲಿ ಬಾಗಿನ ಅವ್ಳ ಕೈಗೆ ಮೊದ್ಲು ಕೊಟ್ರು." ಪುಟ್ಟಿ ಚಟ್ನಿಯಲ್ಲಿ ಮುಳುಗಿದ್ದಳು. ಅಕ್ಕತಂಗಿಯರಿಬ್ಬರೂ ಒಂದೇ ಎತ್ತರವಿರುವುದನ್ನು ನಾನು ಗಮನಿಸಿಯೇ ಇರಲಿಲ್ಲ.

ಮ್ಯಾಕ್ಸಿ ಕೊಂಡೆವು. ತೋಳಿನ ಝಾಲರಿಯನ್ನು ಬಿಚ್ಚಲು ಸುಮ ಒಪ್ಪಿದಳು, ಅಂಚಿನದಕ್ಕೆ ಒಪ್ಪಲಿಲ್ಲ. ಮನೆಗೆ ಬಂದು ತೊಡಿಸಿದರೆ ಅದು ಸಿಂಗಟಗೆರೆಯ ಅಂಗಳವನ್ನೆಲ್ಲ ಗುಡಿಸಿಕೊಂಡು ನಡೆಯಿತು. ನಾನು ಸೂಜಿ ದಾರ ಹಿಡಿದು ಅವಳ ಕಾಲ ಬಳಿ ಕೂತು, ಹಿಮ್ಮಡಿ ಮುಟ್ಟದಂತೆ ಒಂದು ಮಡಿಕೆ ಹಾಕತೊಡಗಿದೆ. ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಸುಮ ಮೇಲಿನಿಂದ ಬಗ್ಗಿ ನನ್ನ ಹೊಲಿಗೆಯನ್ನು ಪರೀಕ್ಷೆ ಮಾಡಿದಳು.

"ಸ್ವಲ್ಪ ಸಡಿಲ ಹಾಕು ಚಿಕ್ಕಮ್ಮ" ಎಂದಳು. "ಬರೋ ಹಬ್ಬಕ್ಕೆ ನಾನೇ ಬಿಚ್ಕೋತೀನಿ."